ಕಸಿ ಹಿಡಿಯುವ ತನಕ

ಆಪರೇಷನ್‌ಗೆ ಮೂರು ವಾರ ಇದೆ ಅನ್ನುವಾಗ ಆಸ್ಪತ್ರೆಯವರು ಎರಡು ಪುಟದ ಪಟ್ಟಿ ಕೊಟ್ಟರು. ಯಾವ ಮಾತ್ರೆ ಯಾವತ್ತಿನಿಂದ ನಿಲ್ಲಿಸಬೇಕು, ಹೊಟ್ಟೆಯ ರಕ್ತನಾಳಗಳ ಸ್ಕ್ಯಾನ್ ಯಾವ ದಿನ, ಮುಂದೆ ಗುಂಡಿ ಇರುವ ಸಡಿಲ ಬಟ್ಟೆ ಎಷ್ಟು ಜೊತೆ ತರಬೇಕು, ಅಡುಗೆಮನೆಯ ಮೇಲಿನ ಶೆಲ್ಫಲ್ಲಿರುವ ಸಾಮಾನನ್ನೆಲ್ಲ ಸೊಂಟದ ಎತ್ತರಕ್ಕೆ ಹೇಗೆ ಇಳಿಸಿಡಬೇಕು, ಹೀಗೆ. ರಿಲೀಸ್‌ಗೆ ಮುಂಚೆ ಚೆಕ್‌ಲಿಸ್ಟ್ ಮಾಡೋದು ಹನ್ನೆರಡು ವರ್ಷದಿಂದ ನನ್ನ ಹೊಟ್ಟೆಪಾಡು. ಪಟ್ಟಿಯನ್ನ ಎಕ್ಸೆಲ್‌ಗೆ ಹಾಕಿ, ಎದುರಿಗೆ ತಾರೀಖು ಬರೆದು, ಮುಗಿದಿದ್ದಕ್ಕೆ ಹಸಿರು ಬಣ್ಣ ಬಳಿಯುತ್ತಾ ಕೂತೆ.

ನನ್ನ ನೋಡಿಕೊಳ್ಳೋದಕ್ಕೆ ಅಂತ ಊರಿಂದ ಬಂದಿದ್ದ ಅವ್ವ ಪಕ್ಕದಲ್ಲಿ ಅವರೆಕಾಯಿ ಸುಲೀತಿದ್ದಳು. ಸ್ವಲ್ಪ ಹೊತ್ತು ನೋಡಿ, "ಕಾಯ್ಲೆ ವಾಸಿ ಆಗದೆ. ಅಳಿಯಂದ್ರು ಒಂದ್ ಮಾತೂ ಅಂದಿಲ್ಲ. ಇನ್ಯಾಕವ್ವ ಮತ್ತೆ ಕುಯ್ಯಿಸ್ಕೊಳಕ್ಕೆ ಹೋಯ್ತೀಯ?" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಅಂಕಣ ಓದುವವರಿಗೆ ಗೊತ್ತು, ಉತ್ತರ ಇಲ್ಲದಾಗ ನಾನು ಇತಿಹಾಸ ಓದ್ತೀನಿ. ಆ ಮೂರು ವಾರ ಓದಿದ್ದು, ಆಮೇಲಿನ ಎರಡು ತಿಂಗಳು ಅನುಭವಿಸಿದ್ದು, ಎರಡೂ ಸೇರಿ ಈ ಬರಹ.

ಮೊದಲು ಹಿನ್ನೆಲೆ ಹೇಳಿಬಿಡ್ತೀನಿ. 34ನೇ ವಯಸ್ಸಿಗೆ ನನ್ನ ಎಡಗಡೆ ಸ್ತನದಲ್ಲಿ ಕ್ಯಾನ್ಸರ್ ಸಿಕ್ಕಿತು. ಕೀಮೋ, ಆಪರೇಷನ್, ರೇಡಿಯೇಷನ್ ಎಲ್ಲ ಆಯಿತು. ಸ್ತನವನ್ನ ಪೂರ್ತಿ ತೆಗೆದರು. ಗಮನಿಸಿ, ಆ ಪದ ಬರೆಯೋದಕ್ಕೇ ನನಗೆ ಮೂರು ಡ್ರಾಫ್ಟ್ ಬೇಕಾಯಿತು. ಆಫೀಸಲ್ಲಿ ಅದು 'ಬ್ರೆಸ್ಟ್', ಪುಸ್ತಕದಲ್ಲಿ 'ಸ್ತನ', ನಮ್ಮ ಮನೇಲಿ ಬರೀ 'ಎದೆ'. ಭಾರತದ ಹೆಂಗಸರಲ್ಲಿ ಇವತ್ತು ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದು, ಆದರೂ ಅದಕ್ಕೆ ನಮ್ಮ ಬಾಯಲ್ಲಿ ಸಲೀಸಾಗಿ ಬರೋ ಹೆಸರಿಲ್ಲ.

ಗಾಯ ಮಾಗಿದ ಮೇಲೆ ಬ್ರಾ ಒಳಗೆ ಇಟ್ಟುಕೊಳ್ಳೋಕೆ ಅವ್ವ ಒಂದು ಪುಟ್ಟ ಚೀಲ ಹೊಲಿದುಕೊಟ್ಟಿದ್ದಳು. ಬರೀ ಬೂರುಗದ ಹತ್ತಿ ತುಂಬಿದರೆ ಹಗುರ ಆಗಿ ಮೇಲಕ್ಕೆ ಜಾರುತ್ತಿತ್ತು. ಆಮೇಲೆ ಅವಳೇ ಯೋಚನೆ ಮಾಡಿ, ಮಕ್ಕಳ ತಲೆದಿಂಬಿಗೆ ತುಂಬೋ ಹಾಗೆ ಒಳಗೆ ಎರಡು ಹಿಡಿ ಸಾಸಿವೆ ಹಾಕಿದಳು. ತೂಕ ಸರಿಹೋಯಿತು. ಎರಡು ವರ್ಷ ಆ ಸಾಸಿವೆ ಚೀಲ ಇಟ್ಟುಕೊಂಡೇ ಮೀಟಿಂಗ್‌ಗಳಿಗೆ ಹೋದೆ.

ಇತಿಹಾಸದಲ್ಲಿ ನನಗೆ ಮೊದಲು ಸಿಕ್ಕವಳು ಫ್ಯಾನಿ ಬರ್ನಿ, ಇಂಗ್ಲಿಷ್ ಕಾದಂಬರಿಕಾರ್ತಿ. 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್‌ನ ತನ್ನ ಮನೆಯಲ್ಲೇ ಆಕೆಯ ಸ್ತನ ತೆಗೆದರು. ಆಗ ಆಕೆಗೆ 59 ವರ್ಷ. ಶಸ್ತ್ರವೈದ್ಯ ಡೊಮಿನಿಕ್ ಲ್ಯಾರೆ, ನೆಪೋಲಿಯನ್ ಸೈನ್ಯದ ಪ್ರಸಿದ್ಧ ಸರ್ಜನ್. ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸಿದ ಆಪರೇಷನ್ ಎಲ್ಲರಿಗೂ ತಿಳಿದದ್ದು 1846ರಲ್ಲಿ. ಅಂದ್ರೆ ಬರ್ನಿಗೆ ಅರಿವಳಿಕೆ ಇಲ್ಲ. ಸಿಕ್ಕಿದ್ದು ಒಂದಿಷ್ಟು ದ್ರಾಕ್ಷಾರಸದ ಕಷಾಯ, ಮುಖದ ಮೇಲೆ ಒಂದು ತೆಳು ಕರವಸ್ತ್ರ. ಕರವಸ್ತ್ರ ಎಷ್ಟು ತೆಳು ಅಂದ್ರೆ ಅದರೊಳಗಿಂದಲೇ ಕತ್ತಿಯ ಹೊಳಪು ಕಾಣಿಸಿತಂತೆ.

ನನ್ನನ್ನ ಹಿಡಿದು ನಿಲ್ಲಿಸಿದ್ದು ಆಪರೇಷನ್‌ನ ಭಾಗ ಅಲ್ಲ, ಅದಕ್ಕೆ ಮುಂಚಿನದ್ದು. ಆಪರೇಷನ್ ಇವತ್ತೇ ಅಂತ ಆಕೆಗೆ ಗೊತ್ತಾಗಿದ್ದು ಅವತ್ತು ಬೆಳಿಗ್ಗೆ. ಗಂಡನಿಗೆ ತಿಳಿಯದ ಹಾಗೆ ಅವನನ್ನ ಮನೆಯಿಂದ ದೂರ ಇರಿಸುವ ಏರ್ಪಾಡು ಮಾಡಿದಳು. ವೈದ್ಯರು ತಡ ಮಾಡಿದ್ದರಿಂದ ಮಧ್ಯಾಹ್ನ 3ರವರೆಗೆ ಕಾಯಬೇಕಾಯಿತು. ಹಜಾರಕ್ಕೆ ಹೋಗಿ ನೋಡಿದರೆ ಅಲ್ಲಿ ಬ್ಯಾಂಡೇಜು, ಹತ್ತಿ, ಸ್ಪಂಜು ರಾಶಿ. ಆಮೇಲೆ ಕಪ್ಪು ಬಟ್ಟೆ ತೊಟ್ಟ ಏಳು ಗಂಡಸರು ಒಳಗೆ ಬಂದರು. ಇದನ್ನೆಲ್ಲ ಆಕೆ ಅಕ್ಕ ಎಸ್ತರ್‌ಗೆ ಕಾಗದದಲ್ಲಿ ಬರೆದಳು. ಬರೆಯೋದಕ್ಕೆ ಆಕೆಗೆ ತಿಂಗಳುಗಳೇ ಬೇಕಾದವು. ಆಪರೇಷನ್ ಆದಮೇಲೆ ಇನ್ನೂ 28 ವರ್ಷ ಬದುಕಿ 1840ರಲ್ಲಿ ತೀರಿಕೊಂಡಳು.

ನನ್ನ ಎಕ್ಸೆಲ್ ಪಟ್ಟಿಯಲ್ಲಿ 31 ಸಾಲು ಇತ್ತು. ಬರ್ನಿಗೆ ಇದ್ದದ್ದು ಒಂದೇ ಸಾಲು: ಧೈರ್ಯ ತಂದ್ಕೋ.

ಅರಿವಳಿಕೆ ಬಂತು, ಕೀಟಾಣು ತಡೆಯುವ ವಿಧಾನ ಬಂತು. ಸರ್ಜನ್‌ಗಳಿಗೆ ನಿಧಾನವಾಗಿ, ಆಳವಾಗಿ ಕತ್ತರಿಸೋ ಅವಕಾಶ ಸಿಕ್ಕಿತು. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಆ ಅವಕಾಶವನ್ನ ಕೊನೇ ತುದಿವರೆಗೂ ಬಳಸಿದ. 1894ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಿಂದ ಅವನು 50 ರೋಗಿಗಳ ವರದಿ ಪ್ರಕಟಿಸಿದ. ಅವನ ವಿಧಾನದಲ್ಲಿ ಸ್ತನದ ಜೊತೆಗೆ ಅದರ ಕೆಳಗಿನ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಒಂದೇ ತುಂಡಾಗಿ ತೆಗೀತಾರೆ. ಕ್ಯಾನ್ಸರ್ ಒಂದು ಕೇಂದ್ರದಿಂದ ಸುತ್ತಲೂ ವರ್ತುಲವಾಗಿ ಹರಡುತ್ತೆ, ಆದ್ದರಿಂದ ಎಷ್ಟು ಅಗಲ ತೆಗೆದರೆ ಅಷ್ಟು ಕ್ಷೇಮ ಅನ್ನೋದು ಅವನ ಲೆಕ್ಕ. ಗಡ್ಡೆ ಅದೇ ಜಾಗದಲ್ಲಿ ಮರಳಿ ಬರೋದು ಬಹಳ ಕಡಿಮೆ ಆಯಿತು, ಅದು ನಿಜವಾದ ಗೆಲುವು. ಆದರೆ ಬದುಕಿ ಉಳಿದವರ ಎದೆಯಲ್ಲಿ ಪಕ್ಕೆಲುಬಿನ ಮೇಲೆ ಚರ್ಮ ಮಾತ್ರ. ತೋಳು ಊದಿಕೊಂಡು ಮೇಲೆತ್ತಲಿಕ್ಕೆ ಆಗದವರು ಎಷ್ಟೋ ಮಂದಿ.

ಆ ಗಾಯವನ್ನ ಬೇರೆ ಕಡೆಯ ಮಾಂಸದಿಂದ ಮುಚ್ಚೋದಕ್ಕೆ ಹಾಲ್‌ಸ್ಟೆಡ್ ವಿರೋಧಿ. ಮುಚ್ಚಿದರೆ ಕೆಳಗೆ ಮತ್ತೆ ಗಡ್ಡೆ ಬಂದರೆ ಕಾಣೋದಿಲ್ಲ ಅನ್ನೋ ಭಯ. ಅವನ ಮಾತಿಗೆ ಎಷ್ಟು ತೂಕ ಇತ್ತು ಅಂದ್ರೆ, ಯೂರೋಪಿನಲ್ಲಿ ಆಗಲೇ ಶುರುವಾಗಿದ್ದ ಪ್ರಯತ್ನಗಳು ಮೂಲೆಗೆ ಸರಿದವು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ವಿನ್ಸೆಂಜ್ ಚೆರ್ನಿ ಅನ್ನೋ ಸರ್ಜನ್ 1895ರಲ್ಲೇ ಒಂದು ವಿಚಿತ್ರ ವರದಿ ಕೊಟ್ಟಿದ್ದ. ಅವನ ರೋಗಿ ರಂಗದ ಮೇಲೆ ಹಾಡುವವಳು. ಕ್ಯಾನ್ಸರ್ ಅಲ್ಲದ ಗಡ್ಡೆಗಾಗಿ ಸ್ತನದ ಒಳಭಾಗ ತೆಗೆಯಬೇಕಾಯಿತು. ಅದೃಷ್ಟಕ್ಕೆ ಅವಳ ಸೊಂಟದ ಹತ್ತಿರ ಮುಷ್ಟಿ ಗಾತ್ರದ ಕೊಬ್ಬಿನ ಗಂಟಿತ್ತು. ಚೆರ್ನಿ ಅದನ್ನ ತೆಗೆದು ಸ್ತನದೊಳಗೆ ಇಟ್ಟ. ಇಟಲಿಯ ಇಜಿನಿಯೋ ತನ್ಸೀನಿ 1906ರಲ್ಲಿ ಬೆನ್ನಿನ ಅಗಲವಾದ ಸ್ನಾಯುವನ್ನ ಚರ್ಮದ ಸಮೇತ ಮುಂದಕ್ಕೆ ತಿರುಗಿಸಿ ಎದೆ ಮುಚ್ಚುವ ದಾರಿ ತೋರಿಸಿದ. ಅದನ್ನ ಜನ ಮರೆತರು. ಮತ್ತೆ ಅದು ಬಳಕೆಗೆ ಬಂದಿದ್ದು 1970ರ ದಶಕದಲ್ಲಿ, ಅಂದ್ರೆ ಸುಮಾರು 70 ವರ್ಷ ತಡವಾಗಿ.

ಬೆನ್ನಿನ ಸ್ನಾಯುವನ್ನ ತಿರುಗಿಸಿ ಎದೆಗೆ ಹಾಕಿದರೆ ಅದು ಯಾಕೆ ಕೊಳೆಯೋದಿಲ್ಲ? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಅದು ನನ್ನನ್ನ ವಾಪಸ್ ನಮ್ಮೂರಿನ ಹತ್ತಿರಕ್ಕೇ ತಂದು ಬಿಟ್ಟಿತು.

ನಾನು ಹುಟ್ಟಿದ್ದು ಪಾಂಡವಪುರದ ಕಡೆ ಒಂದು ಹಳ್ಳಿಯಲ್ಲಿ. ಸ್ಕೂಲಿಂದ ವರ್ಷಾ ವರ್ಷ ಟ್ರಿಪ್ ಅಂದ್ರೆ ಶ್ರೀರಂಗಪಟ್ಟಣವೇ. ಬಂದೀಖಾನೆ, ಗುಂಬಜ್, ಸಂಗಮ, ಪುಳಿಯೋಗರೆ, ವಾಪಸ್. 1792ರ ಸುಮಾರಿನಲ್ಲಿ, ಮೂರನೇ ಮೈಸೂರು ಯುದ್ಧದ ವೇಳೆ, ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುವ ಕೆಲಸ ಮಾಡುತ್ತಿದ್ದ ಕೋವಾಸ್ಜಿ ಅನ್ನೋನು ಟಿಪ್ಪುವಿನ ಸೈನ್ಯಕ್ಕೆ ಸೆರೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಸುಮಾರು ಒಂದು ವರ್ಷ ಮೂಗಿಲ್ಲದೇ ಇದ್ದು, ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕಸುಬಿನ ಕುಲದ ಒಬ್ಬನ ಕೈಯಲ್ಲಿ ಹೊಸ ಮೂಗು ಮಾಡಿಸಿಕೊಂಡ. ನೋಡಿದವರು ಬಾಂಬೆಯ ಇಬ್ಬರು ಇಂಗ್ಲಿಷ್ ವೈದ್ಯರು. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಅದರ ವಿವರವನ್ನ ಚಿತ್ರದ ಸಮೇತ ಅಚ್ಚು ಹಾಕಿತು.

ಆ ವಿವರ ಓದುವಾಗ ನನ್ನ ಆಸ್ಪತ್ರೆ ಪಟ್ಟಿ ಪಕ್ಕದಲ್ಲೇ ಇತ್ತು. ಮೊದಲು ಮೇಣದ ತೆಳು ಹಾಳೆಯನ್ನ ಮೂಗಿನ ಜಾಗಕ್ಕೆ ಒತ್ತಿ ಅಳತೆ ತೆಗೀತಾರೆ. ಅದನ್ನ ಬಿಡಿಸಿ ಹಣೆಯ ಮೇಲಿಟ್ಟು ಗೆರೆ ಎಳೀತಾರೆ. ಗೆರೆಯ ಪ್ರಕಾರ ಹಣೆಯ ಚರ್ಮ ಬಿಡಿಸ್ತಾರೆ, ಆದರೆ ಎರಡು ಕಣ್ಣಿನ ನಡುವೆ ಒಂದು ಸಣ್ಣ ಪಟ್ಟಿ ಹಾಗೇ ಉಳಿಸ್ತಾರೆ. ಆ ಚರ್ಮವನ್ನ ತಿರುಗಿಸಿ ಕೆಳಗೆ ತಂದು ಮೂಗಿನ ಜಾಗದಲ್ಲಿ ಕೂರಿಸ್ತಾರೆ. ಮೇಲೆ ಕಾಚು ಹಚ್ಚಿದ ಬಟ್ಟೆ. ನಾಲ್ಕು ದಿನ ಆದಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ರೋಗಿ ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೇ ದಿನ ಹೊಳ್ಳೆ ಮುಚ್ಚಿಹೋಗದ ಹಾಗೆ ಮೆತ್ತನೆ ಬಟ್ಟೆ ತುರುಕಬೇಕು. ಸುಮಾರು 25ನೇ ದಿನ, ಕಣ್ಣಿನ ನಡುವೆ ಉಳಿಸಿದ್ದ ಆ ಪಟ್ಟಿಯನ್ನ ಕತ್ತರಿಸಬೇಕು.

ಗುಟ್ಟು ಇರೋದು ಆ ಪಟ್ಟಿಯಲ್ಲಿ. ಹೊಸ ಜಾಗದಲ್ಲಿ ರಕ್ತದ ದಾರಿ ಕೂಡಿಕೊಳ್ಳುವ ತನಕ ಹಳೆ ಜಾಗದ ರಕ್ತ ಅದರ ಮೂಲಕವೇ ಹರೀಬೇಕು. ಸುಶ್ರುತ ಸಂಹಿತೆಯಲ್ಲೂ ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ವಿವರ ಇದೆ, ಅಲ್ಲೂ ಅಳತೆ ಎಲೆಯಿಂದ, ಅಲ್ಲೂ ತೊಟ್ಟು ಉಳಿಸಿಕೊಳ್ಳೋದೇ ಮುಖ್ಯ. ಇದನ್ನ ಓದಿ ಅಪ್ಪನಿಗೆ ಫೋನಲ್ಲಿ ಹೇಳಿದೆ. ಅಪ್ಪ ನಮ್ಮ ಹೊಲದ ಬದುವಿನ ಮಾವಿನ ಮರಗಳಿಗೆ ಕಸಿ ಕಟ್ಟುವವನು. ಕುಂಡದ ಗಿಡವನ್ನ ತಾಯಿಮರದ ರೆಂಬೆ ಹತ್ತಿರ ತಂದು, ಎರಡರ ತೊಗಟೆಯನ್ನೂ ಕೆತ್ತಿ ಕಟ್ಟಿ, ಎರಡು ಮೂರು ತಿಂಗಳು ಬಿಡ್ತಾನೆ. ಕೂಡಿಕೊಂಡಿದೆ ಅಂತ ಖಾತ್ರಿ ಆದಮೇಲೇ ತಾಯಿಮರದ ಕಡೆಯಿಂದ ಕುಯ್ಯೋದು. ನನ್ನ ಮಾತೆಲ್ಲ ಕೇಳಿ ಅಪ್ಪ, "ಇದ್ರಲ್ಲಿ ಹೊಸದೇನದೆ? ಹಿಡಿಯೋಗಂಟ ತಾಯಿ ಬುಡದಿಂದ ಕುಯ್ಯಬಾರ್ದು. ನಂಗೇ ಗೊತ್ತಲ್ಲ" ಅಂದ.

ಆ ಪತ್ರಿಕೆಯ ವರದಿ ಓದಿ ಲಂಡನ್ನಿನ ಜೋಸೆಫ್ ಕಾರ್ಪ್ಯೂ 1814ರಲ್ಲಿ ಹಾಗೇ ಮೂಗು ಮಾಡಿದ. ಯೂರೋಪಿನಲ್ಲಿ ಅದು 'ಇಂಡಿಯನ್ ಮೆಥಡ್' ಅಂತಲೇ ಹೆಸರಾಯಿತು. ನೂರು ವರ್ಷದ ನಂತರ, ಮೊದಲ ಮಹಾಯುದ್ಧದಲ್ಲಿ ಮುಖ ಕಳೆದುಕೊಂಡ ಸೈನಿಕರಿಗಾಗಿ ಇಂಗ್ಲೆಂಡಿನ ಸಿಡ್‌ಕಪ್ ಆಸ್ಪತ್ರೆಯಲ್ಲಿ ಹೆರಾಲ್ಡ್ ಗಿಲೀಸ್ 1917ರಲ್ಲಿ ಆ ತೊಟ್ಟನ್ನ ಸುರುಳಿ ಸುತ್ತಿ ಕೊಳವೆಯ ಹಾಗೆ ಹೊಲಿದ. ಒಳಗಿನ ಹಸಿಭಾಗ ಮುಚ್ಚಿಹೋಗಿ ಕೀವಾಗೋದು ಕಡಿಮೆ ಆಯಿತು. ಮುಂದೆ ಇದೇ ಕೊಳವೆಯಿಂದ ಗಿಲೀಸ್ ಸ್ತನವನ್ನೂ ಕಟ್ಟಿದ. ಹೊಟ್ಟೆಯ ಚರ್ಮದ ಕೊಳವೆಯ ಒಂದು ತುದಿಯನ್ನ ಬಿಡಿಸಿ ಮೇಲೆ ಅಂಟಿಸೋದು, ವಾರಗಟ್ಟಲೆ ಕಾಯೋದು, ಆಮೇಲೆ ಇನ್ನೊಂದು ತುದಿ. ಹೀಗೆ ಹೆಜ್ಜೆ ಇಟ್ಟುಕೊಂಡು ಎದೆಗೆ ಸಾಗಿಸೋದಕ್ಕೆ ಹಲವು ಆಪರೇಷನ್, ಹಲವು ತಿಂಗಳು ಬೇಕಿತ್ತು. ಅಷ್ಟನ್ನ ತಡೆದುಕೊಳ್ಳುವವರು ಕಡಿಮೆ.

ಸುಲಭದ ದಾರಿ ಅಂತ ಬಂದಿದ್ದು ಸಿಲಿಕೋನ್. 1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಥಾಮಸ್ ಕ್ರೋನಿನ್, ಫ್ರಾಂಕ್ ಜೆರೋ ಅನ್ನೋ ಇಬ್ಬರು ಸಿಲಿಕೋನ್ ಜೆಲ್ ತುಂಬಿದ ಚೀಲವನ್ನ ಮೊದಲ ಬಾರಿಗೆ ಒಬ್ಬ ಹೆಂಗಸಿಗೆ ಹಾಕಿದರು. ಆಕೆ ಟಿಮ್ಮಿ ಜೀನ್ ಲಿಂಡ್ಸೆ. ಆಸ್ಪತ್ರೆಗೆ ಬಂದಿದ್ದು ಹಚ್ಚೆ ತೆಗೆಸೋಕೆ, ಕ್ಯಾನ್ಸರ್‌ಗೂ ಆಕೆಗೂ ಸಂಬಂಧವೇ ಇಲ್ಲ. ಸ್ತನ ಕಳೆದುಕೊಂಡವರಿಗೆ ಅದು ಸಲೀಸಾಗಿ ಸಿಗೋದಕ್ಕೆ ಇನ್ನೂ ಕಾಲ ಹಿಡಿಯಿತು. 1970ರ ದಶಕದ ಕೊನೆಯಲ್ಲಿ ಚರ್ಮದಡಿ ಖಾಲಿ ಬಲೂನ್ ಇಟ್ಟು, ವಾರವಾರ ಲವಣಜಲ ತುಂಬಿ, ಚರ್ಮ ಹಿಗ್ಗಿದ ಮೇಲೆ ಇಂಪ್ಲಾಂಟ್ ಹಾಕುವ ವಿಧಾನ ಬಂತು. ಒಡೆಯುವುದು, ಸುತ್ತಲೂ ಗಟ್ಟಿಯಾಗುವುದು ಇಂಥ ದೂರುಗಳು ಬೆಳೆದು 1992ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸಿಲಿಕೋನ್ ಇಂಪ್ಲಾಂಟ್‌ಗಳಿಗೆ ಕಡಿವಾಣ ಹಾಕಿತು. 2006ರಲ್ಲಿ ಷರತ್ತಿನ ಮೇಲೆ ಮತ್ತೆ ಬಿಟ್ಟಿತು. ಇಂದಿಗೂ ಎಷ್ಟೋ ಜನ ಆರಿಸಿಕೊಳ್ಳೋದು ಇದನ್ನೇ. ಆಪರೇಷನ್ ಚಿಕ್ಕದು, ಬೇರೆ ಕಡೆ ಗಾಯ ಇಲ್ಲ. ಆದರೆ ರೇಡಿಯೇಷನ್ ಆದ ಚರ್ಮ ಸರಿಯಾಗಿ ಹಿಗ್ಗೋದಿಲ್ಲ, ತೊಂದರೆ ಹೆಚ್ಚು. ನನ್ನ ಡಾಕ್ಟರು ಅದಕ್ಕೇ ಬೇಡ ಅಂದರು.

ಈ ನಡುವೆ ಹಾಲ್‌ಸ್ಟೆಡ್‌ನ ಕೋಟೆ ಬಿರುಕು ಬಿಟ್ಟಿತ್ತು. ಬರ್ನಾರ್ಡ್ ಫಿಶರ್ ಅನ್ನೋ ಸರ್ಜನ್ 1971ರಿಂದ ಅಮೆರಿಕದಲ್ಲಿ ದೊಡ್ಡ ಪ್ರಯೋಗಗಳನ್ನ ನಡೆಸಿದ. ರೋಗಿಗಳನ್ನ ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಒಂದು ಗುಂಪಿಗೆ ಹಳೆಯ ದೊಡ್ಡ ಆಪರೇಷನ್, ಇನ್ನೊಂದಕ್ಕೆ ಚಿಕ್ಕದು. ನಮ್ಮ ಭಾಷೆಯಲ್ಲಿ ಎ-ಬಿ ಟೆಸ್ಟಿಂಗ್. 1974ರಲ್ಲಿ ಅಮೆರಿಕದ ಅಧ್ಯಕ್ಷರ ಹೆಂಡತಿ ಬೆಟ್ಟಿ ಫೋರ್ಡ್ ತನಗೆ ಸ್ತನ ತೆಗೆದಿದ್ದಾರೆ ಅಂತ ಮುಚ್ಚಿಡದೆ ದೇಶಕ್ಕೆಲ್ಲ ತಿಳಿಸಿದ್ದರಿಂದ ಜನ ಬಾಯಿಬಿಟ್ಟು ಮಾತಾಡೋದಕ್ಕೆ ಶುರುಮಾಡಿದ್ದರು. 1985ರಲ್ಲಿ ಫಿಶರ್‌ನ ಫಲಿತಾಂಶ ಬಂದಾಗ, ಎದೆಯ ಸ್ನಾಯುವನ್ನೆಲ್ಲ ಕಿತ್ತುಹಾಕಿದ್ದರಿಂದ ಆಯುಸ್ಸು ಹೆಚ್ಚಾಗಿಲ್ಲ ಅಂತ ಗಟ್ಟಿಯಾಯಿತು. ಸ್ನಾಯು ಉಳಿಯಿತು, ಚರ್ಮ ಉಳಿಯಿತು. ಕಟ್ಟೋದಕ್ಕೆ ತಳಪಾಯವೇ ಇಲ್ಲದ ಜಾಗದಲ್ಲಿ ತಳಪಾಯ ಸಿಕ್ಕಿತು.

1982ರಲ್ಲಿ ಅಟ್ಲಾಂಟಾದ ಕಾರ್ಲ್ ಹಾರ್ಟ್ರಾಂಪ್ ಕೆಳಹೊಟ್ಟೆಯ ಚರ್ಮ, ಕೊಬ್ಬನ್ನ ಹೊಟ್ಟೆಯ ಸ್ನಾಯುವಿನ ಸಮೇತ ಚರ್ಮದ ಕೆಳಗಿನ ಸುರಂಗದಲ್ಲಿ ಎದೆಗೆ ತಂದ. ಸ್ನಾಯುವೇ ತೊಟ್ಟು. ಆದರೆ ಹೊಟ್ಟೆ ಬಲ ಕಳೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ರಕ್ತನಾಳ ಹೊಲಿಯೋ ಕಲೆ ಬೆಳೆದಿತ್ತು. 1989ರಲ್ಲಿ ಜಪಾನಿನ ಇಸಾವೊ ಕೊಶಿಮಾ, ಸ್ನಾಯುವನ್ನ ಅಲ್ಲೇ ಬಿಟ್ಟು ಅದರೊಳಗೆ ಹಾಯುವ ಸಣ್ಣ ರಕ್ತನಾಳವನ್ನಷ್ಟೇ ಬಿಡಿಸಿ ತೆಗೆಯಬಹುದು ಅಂತ ತೋರಿಸಿದ. 1990ರ ದಶಕದ ಮೊದಲಲ್ಲಿ ನ್ಯೂ ಆರ್ಲಿಯನ್ಸ್‌ನ ರಾಬರ್ಟ್ ಅಲೆನ್ ಅದನ್ನೇ ಸ್ತನಕ್ಕೆ ಬಳಸಿದ. ಇದರ ಹೆಸರು ಡಿಐಇಪಿ, ಡಾಕ್ಟರುಗಳ ಬಾಯಲ್ಲಿ 'ಡೀಪ್'. ಇಲ್ಲಿ ತೊಟ್ಟನ್ನೇ ಕತ್ತರಿಸಿ, ಎದೆಯ ರಕ್ತನಾಳಕ್ಕೆ ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲೀತಾರೆ. ಅಪ್ಪನ ಕಸಿಗೆ ಮೂರು ತಿಂಗಳು, ಕೋವಾಸ್ಜಿಗೆ 25 ದಿನ. ಇಲ್ಲಿ ಅದೇ ದಿನ, ಅದೇ ಟೇಬಲ್ ಮೇಲೆ. ಹಿಡೀಲಿಲ್ಲ ಅಂದ್ರೆ ಪೂರ್ತಿ ಹೋಯಿತು.

ನನಗೆ ಮಾಡೋದು ಇದನ್ನೇ.

ಆದರೆ ಅವ್ವನ 'ಯಾಕೆ'ಗೆ ಇದು ಉತ್ತರ ಅಲ್ಲ, 'ಹೇಗೆ'ಗೆ ಉತ್ತರ ಅಷ್ಟೇ. ಅಮೆರಿಕದ ಕವಿ ಆಡ್ರಿ ಲಾರ್ಡ್ 1978ರಲ್ಲಿ ಸ್ತನ ತೆಗೆಸಿಕೊಂಡ ಮೇಲೆ ಹೊಸದೂ ಬೇಡ, ಒಳಗಿಡುವ ಚೀಲವೂ ಬೇಡ ಅಂದವಳು. ಡಾಕ್ಟರ್ ಕ್ಲಿನಿಕ್‌ಗೆ ಹಾಗೇ ಹೋದರೆ ಅಲ್ಲಿನ ನರ್ಸ್, ನೀವು ಹೀಗೆ ಬಂದರೆ ಬೇರೆ ರೋಗಿಗಳ ಉತ್ಸಾಹ ಕುಗ್ಗುತ್ತೆ ಅನ್ನೋ ಅರ್ಥದಲ್ಲಿ ಹೇಳಿದಳಂತೆ. ಲಾರ್ಡ್ ಅದನ್ನ 1980ರ 'ದಿ ಕ್ಯಾನ್ಸರ್ ಜರ್ನಲ್ಸ್' ಪುಸ್ತಕದಲ್ಲಿ ಬರೆದಳು. ನೋಡುವವರ ನೆಮ್ಮದಿಗೋಸ್ಕರ ನಾನು ಯಾಕೆ ಮುಚ್ಚಿಕೊಳ್ಳಲಿ ಅನ್ನೋದು ಅವಳ ವಾದ. ಅದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಮಾಡಿಸಿಕೊಳ್ತಿರೋದು ಯಾರಿಗಾಗಿ? ಮೀಟಿಂಗಲ್ಲಿ ಎದುರು ಕೂರುವವರಿಗಾ?

ಅದೇ ವಾರ ಆಫೀಸಿನ ಗುಂಪು ವಿಮೆಯವರಿಂದ ಮೇಲ್ ಬಂತು: ಇದು ಕಾಸ್ಮೆಟಿಕ್, ಸೌಂದರ್ಯ ಚಿಕಿತ್ಸೆ, ಹಣ ಕೊಡೋದಕ್ಕೆ ಆಗಲ್ಲ. ನಾನು ಕೋಡ್ ಓದುವ ಹಾಗೆ ಪಾಲಿಸಿ ಓದಿದೆ. ವಿಮಾ ನಿಯಂತ್ರಣ ಪ್ರಾಧಿಕಾರ ಆರೋಗ್ಯ ಪಾಲಿಸಿಗಳಿಗೆಲ್ಲ ಒಂದೇ ಪದಗಳಲ್ಲಿ ಕೊಟ್ಟಿರುವ ಹೊರಗಿಡುವ ಪಟ್ಟಿಯಲ್ಲಿ ಕಾಸ್ಮೆಟಿಕ್ ಸರ್ಜರಿ ಇದೆ, ಸರಿ. ಆದರೆ ಅದೇ ಸಾಲಿನಲ್ಲಿ, ಅಪಘಾತ, ಸುಟ್ಟ ಗಾಯ ಅಥವಾ ಕ್ಯಾನ್ಸರ್ ನಂತರದ ಮರುರಚನೆಗೆ ಇದು ಅನ್ವಯಿಸೋದಿಲ್ಲ ಅಂತಲೂ ಇದೆ. ಆ ಸಾಲಿಗೆ ಹಳದಿ ಬಳಿದು, ಡಾಕ್ಟರ ಪತ್ರ ಲಗತ್ತಿಸಿ ವಾಪಸ್ ಕಳಿಸಿದೆ. ಒಂಬತ್ತು ದಿನಕ್ಕೆ ಒಪ್ಪಿಗೆ ಬಂತು. ನಿಮಗೋ ನಿಮ್ಮ ಮನೆಯವರಿಗೋ ಇಂಥದ್ದು ಬಂದರೆ ಮೊದಲ ಮೇಲ್ ನೋಡಿ ಕೈಬಿಡಬೇಡಿ, ಆ ಸಾಲನ್ನ ಹುಡುಕಿ. ಅಮೆರಿಕದಲ್ಲಿ ಇದಕ್ಕೇ ಜಗಳ ಆಗಿ 1998ರಲ್ಲಿ ಪ್ರತ್ಯೇಕ ಕಾನೂನೇ ಬಂತು: ಸ್ತನ ತೆಗೆಯುವುದಕ್ಕೆ ಹಣ ಕೊಡುವ ವಿಮೆ ಅದನ್ನ ಮತ್ತೆ ಕಟ್ಟುವುದಕ್ಕೂ ಕೊಡಲೇಬೇಕು. 'ಸೌಂದರ್ಯ' ಅನ್ನೋ ಒಂದು ಪದ ತೆಗೆಸೋದಕ್ಕೆ ಎಷ್ಟು ವರ್ಷ ನೋಡಿ.

ಆ ಜಗಳದ ವಿಷಯ ಅವ್ವನಿಗೆ ಹೇಳುತ್ತಿದ್ದಾಗ ಅವಳು ಇದ್ದಕ್ಕಿದ್ದಂತೆ, "ನಿಮ್ ದೊಡ್ಡವ್ವಂಗೂ ತೆಗ್ದಿದ್ರು ಕಣವ್ವ" ಅಂದಳು.

ನನಗೆ ಗೊತ್ತೇ ಇರಲಿಲ್ಲ. ದೊಡ್ಡವ್ವ ಯಾವಾಗಲೂ ಸೆರಗನ್ನ ಎರಡೂ ಭುಜದ ಮೇಲೆ ಹೊದ್ದಿರುತ್ತಿದ್ದಳು. ಅದು ಅವಳ ಗತ್ತು ಅಂದುಕೊಂಡಿದ್ವಿ ನಾವು ಮಕ್ಕಳು. 1994ರಲ್ಲಿ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ತೆಗೆಸಿಕೊಂಡು ಬಂದು, ಹದಿನೈದು ದಿನಕ್ಕೆ ನಾಟಿಗೆ ಇಳಿದಳಂತೆ. ಎಡಗೈ ಮೇಲೆತ್ತಲಿಕ್ಕೆ ಆಗದೆ ಬಲಗೈಯಲ್ಲೇ ಪೈರು ನೆಡುತ್ತಿದ್ದಳಂತೆ. ಊರಲ್ಲಿ ಹೇಳಿದ್ದು ಅಪೆಂಡಿಕ್ಸ್ ಅಂತ. 2011ರಲ್ಲಿ ಹಾರ್ಟ್ ಅಟ್ಯಾಕ್ ಆಗಿ ಹೋದಳು. ಅವಳನ್ನ ತೊಳೆಯುವಾಗ ಅಷ್ಟೇ ಬೇರೆ ಹೆಂಗಸರು ನೋಡಿದ್ದು.

"ಮತ್ತೆ ಕಟ್ಟಬೋದು ಅಂತ ಅವಳಿಗೆ ಗೊತ್ತಿತ್ತಾ?" ಅಂತ ಕೇಳಿದೆ.

"ಯಾರ್ ಹೇಳೋರು? ಅವ್ಳೂ ಕೇಳ್ನಿಲ್ಲ."

ಹೀಗೆ ನಾನು ಆಪರೇಷನ್‌ಗೆ ಹೋದೆ. ಒಂಬತ್ತು ಗಂಟೆ ಹಿಡಿಯಿತಂತೆ. ಎಚ್ಚರ ಆದಾಗ ಮೊದಲು ಕೇಳಿಸಿದ್ದು ಒಂದು ಶಬ್ದ, ಶೂ... ಶೂ... ಶೂ. ಸಿಸ್ಟರ್ ಪೆನ್ಸಿಲ್‌ನಂಥ ಡಾಪ್ಲರ್ ಇಟ್ಟು ಹೊಸ ಜಾಗದಲ್ಲಿ ರಕ್ತ ಹರಿಯೋದನ್ನ ಕೇಳುತ್ತಿದ್ದರು. ಮೊದಲ ಎರಡು ದಿನ ಗಂಟೆಗೊಮ್ಮೆ ಬರುತ್ತಾರೆ. ಬಣ್ಣ ನೋಡುತ್ತಾರೆ, ಬೆಚ್ಚಗಿದೆಯಾ ಅಂತ ಮುಟ್ಟುತ್ತಾರೆ, ಬೆರಳಲ್ಲಿ ಒತ್ತಿ ಬಿಟ್ಟು ಬಿಳಿಚಿದ್ದು ಮತ್ತೆ ಕೆಂಪಾಗೋದಕ್ಕೆ ಎಷ್ಟು ಹೊತ್ತು ಅಂತ ಎಣಿಸುತ್ತಾರೆ. ಎರಡನೇ ರಾತ್ರಿ 2 ಗಂಟೆಗೆ ಶಬ್ದ ಸಿಗಲಿಲ್ಲ. ಸಿಸ್ಟರ್ ಮುಖ ಬದಲಾಯಿತು. ಅರ್ಧ ನಿಮಿಷ ಹುಡುಕಿದರು. ಡ್ಯೂಟಿ ಡಾಕ್ಟರ್ ಓಡಿಬಂದರು. ತೊಂದರೆ ಇದ್ದರೆ ತಕ್ಷಣ ಥಿಯೇಟರ್‌ಗೆ ವಾಪಸ್ ಅಂತ ನನಗೆ ಮೊದಲೇ ಹೇಳಿದ್ದರು. ಆಗ ನಾನು ಯೋಚಿಸಿದ್ದು ಬರ್ನಿಯನ್ನೂ ಅಲ್ಲ, ಗಿಲೀಸ್‌ನನ್ನೂ ಅಲ್ಲ, ಇದು ಹೋಗಬಾರದು, ಇದು ನನ್ನದು ಅಂತ ಮಾತ್ರ. ಡಾಕ್ಟರ್ ಡಾಪ್ಲರನ್ನ ಒಂದು ಬೆರಳಷ್ಟು ಪಕ್ಕಕ್ಕೆ ಸರಿಸಿದರು. ಶೂ... ಶೂ... ಶೂ. ಮೂವರೂ ಒಟ್ಟಿಗೆ ಉಸಿರು ಬಿಟ್ಟೆವು. ಯಾರಿಗಾಗಿ ಅನ್ನೋ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಆ ಅರ್ಧ ನಿಮಿಷದಲ್ಲಿ.

ಮೂರನೇ ದಿನ ಎಬ್ಬಿಸಿ ನಡೆಸಿದರು. ಹೊಟ್ಟೆ ಬಿಗಿದು ಹೊಲಿದಿರೋದರಿಂದ ನೆಟ್ಟಗೆ ನಿಲ್ಲೋಕಾಗಲ್ಲ. ಎರಡು ವಾರ ಕಳೆ ಕೀಳುವವರ ಹಾಗೆ ಬಗ್ಗಿಕೊಂಡೇ ನಡೆದೆ. ಆರನೇ ದಿನ ಮನೆಗೆ ಬಂದೆ, ಜೊತೆಗೆ ಗಾಯದ ನೀರು ಇಳಿಯೋ ಮೂರು ಡ್ರೇನ್ ಬಾಟಲು. ಎಷ್ಟು ಎಂ.ಎಲ್. ಬಂತು ಅಂತ ದಿನಾ ಅಳೆದು ಬರೀಬೇಕು, ದಿನಕ್ಕೆ 30ಕ್ಕಿಂತ ಕಡಿಮೆ ಆದಮೇಲೆ ತೆಗೀತಾರೆ. ನಾನು ಎಕ್ಸೆಲ್ ತೆರೆದರೆ ಅವ್ವ ಬೇಡ ಅಂದಳು. ಹಾಲಿನ ಡೈರಿ ಪುಸ್ತಕದ ಹಾಗೆ ನೋಟ್‌ಬುಕ್ಕಲ್ಲಿ ಬೆಳಿಗ್ಗೆ-ಸಂಜೆ ಅಂತ ಎರಡು ಕಾಲಂ ಎಳೆದು ಬರೆದಳು. ಒಂದು ದಿನವೂ ತಪ್ಪಲಿಲ್ಲ. ಬಾಣಂತಿಗೆ ಕೊಡೋ ಹಾಗೆ ಮೆಣಸು, ಬೆಳ್ಳುಳ್ಳಿ ಸಾರು ಅಂತ ಶುರುಮಾಡಿದವಳಿಗೆ ಡಾಕ್ಟರು, ಗಾಯ ಕೂಡೋದಕ್ಕೆ ಪ್ರೋಟೀನ್ ಬೇಕಮ್ಮ ಅಂದರು. ಆಮೇಲೆ ದಿನಾ ಎರಡು ಮೊಟ್ಟೆ, ಹೆಸರುಕಾಳು ಬಸ್ಸಾರು, ಭಾನುವಾರ ಕಾಲುಸೂಪು.

ಎಲ್ಲ ಸಲೀಸಾಗಿ ಆಗಲಿಲ್ಲ. ಹೊಟ್ಟೆಯ ಹೊಲಿಗೆ ಒಂದು ಕಡೆ ಎರಡು ಇಂಚು ಬಿಟ್ಟುಕೊಂಡು ಐದು ವಾರ ಡ್ರೆಸ್ಸಿಂಗ್ ಆಯಿತು. ಆರು ವಾರ ತುಂಬಿದ ಕೊಡ ಇರಲಿ, ಲ್ಯಾಪ್‌ಟಾಪ್ ಬ್ಯಾಗನ್ನೂ ಎತ್ತುವ ಹಾಗಿರಲಿಲ್ಲ. ಹೊಸ ಜಾಗದಲ್ಲಿ ಸ್ಪರ್ಶ ಇಲ್ಲ. ಬಿಸಿನೀರಿನ ಚೀಲ ಇಡಬೇಡಿ, ಸುಟ್ಟರೂ ಗೊತ್ತಾಗಲ್ಲ ಅಂತ ಎಚ್ಚರಿಸಿದ್ದಾರೆ. ಮೊದಲಿನ ಹಾಗೆ ಆಗಿಲ್ಲ, ಆಗೋದೂ ಇಲ್ಲ. ಅದನ್ನ ಮುಂಚೆಯೇ ಯಾರಾದರೂ ನೇರವಾಗಿ ಹೇಳಿದರೆ ಒಳ್ಳೇದು, ಅದಕ್ಕೇ ಇಲ್ಲಿ ಹೇಳ್ತಿದ್ದೀನಿ.

ನಾಲ್ಕನೇ ವಾರ ಅಪ್ಪ ಊರಿಂದ ಬಂದ. ನನ್ನ ಮುಖ ನೋಡದೆ ಕಿಟಕಿ ನೋಡಿಕೊಂಡು, "ಹಿಡೀತಾ?" ಅಂತ ಕೇಳಿದ.

"ಹಿಡೀತಪ್ಪ" ಅಂದೆ.

ಏಳನೇ ವಾರ ಕೆಲಸಕ್ಕೆ ಕೂತೆ. ಊರಿಗೆ ಹೊರಡುವ ದಿನ ಅವ್ವ ಬಟ್ಟೆ ಮಡಚುವಾಗ ಸಾಸಿವೆ ಚೀಲ ಸಿಕ್ಕಿತು. "ಇದ್ನೇನ್ ಮಾಡನ?" ಅಂದಳು. ನಾನು ಅವಳ ಹಳೇ ಪ್ರಶ್ನೆಗೆ ಉತ್ತರ ಹೇಳಿದೆ: ದೊಡ್ಡವ್ವನ್ನ ಯಾರೂ ಕೇಳಲಿಲ್ಲ, ಬೇಕಾ ಬೇಡ್ವಾ ಅಂತ. ನನ್ನ ಕೇಳಿದ್ರು. ಬೇಕು ಅಂದೆ. ಬೇಡ ಅಂತಲೂ ಅನ್ನಬಹುದಿತ್ತು.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಚೀಲವನ್ನ ತನ್ನ ಬ್ಯಾಗಿಗೆ ಹಾಕಿಕೊಂಡು, "ನಮ್ ಬೀದಿಲೇ ಇನ್ನೊಬ್ಳು ಇದಾಳೆ. ಹೇಳ್ಕೊಂಡಿಲ್ಲ, ಆದ್ರೆ ನಂಗೊತ್ತು. ಸದ್ಯಕ್ಕೆ ಇದ್ನ ಕೊಡ್ತೀನಿ. ಮಿಕ್ಕಿದ್ದೂ ಹೇಳ್ತೀನಿ" ಅಂದಳು.